ಮಾಳಿಗೆ ಮೇಲಿನ ಮಣ್ಣು

ಹೋದ ಫೆಬ್ರುವರಿಯಲ್ಲಿ ಒಂದು ದಿನ ಬೆಳಗಿನ ಮೀಟಿಂಗ್ ನಡೀತಿದ್ದಾಗ ಅವ್ವನ ಫೋನು ಬಂತು. ಆ ಹೊತ್ತಿಗೆ ಅವ್ವ ಫೋನ್ ಮಾಡುವುದಿಲ್ಲ. ಮೈಕ್ ಮ್ಯೂಟ್ ಮಾಡಿ ಎತ್ತಿದೆ.

"ಮನಿ ಅಲ್ಲಾಡ್ತವ್ವಾ. ಅಡಿಗೆಮನ್ಯಾಗಿನ ಪಾತ್ರೆ ಎಲ್ಲಾ ಗಣಗಣ ಅಂದ್ವು. ಮಾಳಿಗಿಂದ ಮಣ್ಣು ಉದುರ್ತು."

ಎಷ್ಟು ಹೊತ್ತು ಅಂದೆ. "ಗಡಿಯಾರ ನೋಡ್ಕೆಂತ ಕುಂದರ್ತಾರೇನು?" ಅಂದಳು. ಅದೂ ನಿಜವೇ.

ಫೋನಿನಲ್ಲಿ 'ಭೂಕಂಪ್' ಅಂತ ಒಂದು ಆ್ಯಪ್ ಇದೆ. ರಾಷ್ಟ್ರೀಯ ಭೂಕಂಪ ಕೇಂದ್ರದ್ದು. ದೇಶದಲ್ಲಿ ಎಲ್ಲಿ ಎಷ್ಟು ನಡುಗಿತು ಅಂತ ಅದರಲ್ಲಿ ಬರುತ್ತದೆ. ತೆಗೆದು ನೋಡಿದೆ. ಕೊಟ್ಟೂರಿನ ಸುತ್ತಮುತ್ತ ಏನೂ ಇರಲಿಲ್ಲ. ಮಧ್ಯಾಹ್ನ ಚಿಗಪ್ಪ ಫೋನ್ ಮಾಡಿ, ಎಲ್ಲೋ ಕಲ್ಲು ಕ್ವಾರಿಯಲ್ಲಿ ಸಿಡಿಮದ್ದು ಹಾರಿಸಿರಬೇಕು, ನಿಮ್ಮವ್ವ ಸುಮ್ಮನೆ ಗಾಬರಿ ಆಗ್ಯಾಳ ಅಂದ. ಇರಬಹುದು. ಆದರೆ ನನ್ನ ತಲೆಯಲ್ಲಿ ಉಳಿದದ್ದು ಪಾತ್ರೆಯ ಸದ್ದಲ್ಲ, ಆ ಕೊನೆಯ ಮಾತು. ಮಾಳಿಗೆಯಿಂದ ಮಣ್ಣು ಉದುರಿತು ಅಂದಳಲ್ಲ, ಅದು.

ನಮ್ಮ ಕಡೆಯವರಲ್ಲದ ಓದುಗರಿಗೆ ಮಾಳಿಗೆ ಮನೆ ಅಂದರೆ ಏನು ಅಂತ ಹೇಳಬೇಕು. ಕಲ್ಲು ಮಣ್ಣಿನ ದಪ್ಪ ಗೋಡೆ. ಮಧ್ಯೆ ಮರದ ಕಂಬ, ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಸಾಲಾಗಿ ಜಂತಿ, ಜಂತಿಯ ಮೇಲೆ ಕಟ್ಟಿಗೆ ಸೀಳು, ಅದರ ಮೇಲೆ ಮಣ್ಣು. ನೀರು ಇಳಿಯಬಾರದು ಅಂತ ಎಲ್ಲಕ್ಕೂ ಮೇಲೆ ಸವಳು ಮಣ್ಣು. ನಡುವೆ ಒಂದು ಬೆಳಕಿಂಡಿ. ಏಪ್ರಿಲ್ ಬಿಸಿಲಲ್ಲಿ ಒಳಗೆ ಹೋದರೆ ಎ.ಸಿ. ಬೇಡ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆ ಹಳೆ ಓಣಿಗಳಲ್ಲಿ ಇಂಥ ಮನೆಗಳು ಈಗಲೂ ಇವೆ. ಒಳಗೆ ಇರುವವರು ಹೆಚ್ಚಾಗಿ ನಮ್ಮವ್ವನ ವಯಸ್ಸಿನವರು. ಮಕ್ಕಳು ನನ್ನ ಹಾಗೆ ಬೆಂಗಳೂರಲ್ಲಿ.

ಆ ರಾತ್ರಿ ನಿದ್ದೆ ಬರದೆ ಫೋನ್ ಹಿಡಿದು ಕೂತೆ. ನಮ್ಮ ಕಡೆ ಭೂಕಂಪ ಆಗಿದ್ದುಂಟಾ?

ಉಂಟು. 1843ರ ಏಪ್ರಿಲ್ 1. ಮೂರ್ಖರ ದಿನದ ತಮಾಷೆ ಅಲ್ಲ. ಭೂಕಂಪಗಳ ಪಟ್ಟಿಗಳಲ್ಲಿ ಅದು 'ಬಳ್ಳಾರಿ ಭೂಕಂಪ'. ತೀವ್ರತೆ ಬೇರೆ ಬೇರೆಯವರ ಅಂದಾಜಿನಲ್ಲಿ 5ರಿಂದ 6ರ ನಡುವೆ. ದಖ್ಖನ್‌ನ ದೊಡ್ಡ ಭಾಗಕ್ಕೆ ಅದರ ಅನುಭವ ಆಗಿತ್ತು. ಥಾಮಸ್ ಓಲ್ಡ್‌ಹ್ಯಾಮ್ ಅನ್ನುವ ಭೂವಿಜ್ಞಾನಿ ಭಾರತದ ಭೂಕಂಪಗಳನ್ನೆಲ್ಲ ಒಂದು ಪಟ್ಟಿಗೆ ತಂದಿದ್ದ. ಅವನು ತೀರಿಕೊಂಡ ಮೇಲೆ ಮಗ ಆರ್.ಡಿ. ಓಲ್ಡ್‌ಹ್ಯಾಮ್ 1883ರಲ್ಲಿ ಅದನ್ನು ಅಚ್ಚು ಹಾಕಿಸಿದ. ಹಳೆಯ ಭೂಕಂಪಗಳ ಬಗ್ಗೆ ಯಾರು ಏನೇ ಬರೆದರೂ ಮೊದಲು ತೆಗೆದು ನೋಡುವುದು ಆ ಪಟ್ಟಿಯನ್ನೇ.

ಈಗಿನ ಪಟ್ಟಿಗಳಲ್ಲಿ ಆ ಭೂಕಂಪದ ಕೇಂದ್ರ ಅಂತ ಕೊಡುವ ಅಕ್ಷಾಂಶ 15.2, ರೇಖಾಂಶ 76.9. ಮ್ಯಾಪಿಗೆ ಹಾಕಿ ನೋಡಿದರೆ ಸೀದಾ ಬಳ್ಳಾರಿ ಊರಿಗೇ ಹೋಗಿ ನಿಲ್ಲುತ್ತದೆ. ಇಲ್ಲಿ ನನಗೊಂದು ಸಂಶಯ. 1843ರಲ್ಲಿ ಭೂಕಂಪ ಅಳೆಯುವ ಯಂತ್ರ ಎಲ್ಲಿತ್ತು? ಕೇಂದ್ರ ಗೊತ್ತು ಮಾಡುವುದು ಎಲ್ಲಿ ಹೆಚ್ಚು ನಡುಗಿತು ಅನ್ನುವ ಬರಹದ ಮೇಲೆ. ಬರೆಯುವವರು ಎಲ್ಲಿದ್ದರು? ಬಳ್ಳಾರಿಯಲ್ಲಿ ಬ್ರಿಟಿಷರ ದಂಡು ಇತ್ತು, ಕಲೆಕ್ಟರ್ ಕಚೇರಿ ಇತ್ತು, ಟಪಾಲು ಇತ್ತು. ಕೊಟ್ಟೂರಿನಲ್ಲಿ ಅವತ್ತು ಒಬ್ಬ ಅಜ್ಜಿ ಪಾತ್ರೆ ಗಣಗಣ ಅಂದವು ಅಂತ ಹೇಳಿದ್ದರೂ ಯಾರು ಬರೆದುಕೊಂಡರು? ಪೆನ್ನು ಇದ್ದ ಕಡೆಗೆ ಭೂಕಂಪದ ಕೇಂದ್ರ ಸರಿದುಕೊಂಡಿರುತ್ತದೆ. ಕೊಟ್ಟೂರಿನಿಂದ ಬಳ್ಳಾರಿಗೆ ನೇರ ಗೆರೆ ಎಳೆದರೆ ಸುಮಾರು 80 ಕಿ.ಮೀ. ಆ ಕಾಲದ ಲೆಕ್ಕಕ್ಕೆ ಅಷ್ಟು ಆಚೆ ಈಚೆ ಆಗುವುದು ದೊಡ್ಡದಲ್ಲ.

ಹಾಗಾದರೆ ಬರಹಕ್ಕಿಂತ ಹಿಂದಿನ ಭೂಕಂಪಗಳನ್ನು ತಿಳಿಯುವುದು ಹೇಗೆ? ಅದಕ್ಕೇ ಒಂದು ಶಾಸ್ತ್ರ ಇದೆ, ಪೇಲಿಯೊಸೀಸ್ಮಾಲಜಿ. ಹೆಸರು ಉದ್ದ, ಕೆಲಸ ಮಾತ್ರ ನಮ್ಮ ಹೊಲದ ಕೆಲಸದ ಹಾಗೆ. ಜೆಸಿಬಿ ತಂದು ಗುಂಡಿ ತೋಡುವುದು.

ನೆಲದೊಳಗೆ ಬಂಡೆ ಸೀಳಿ, ಸೀಳಿನ ಒಂದು ಕಡೆ ಇನ್ನೊಂದು ಕಡೆಗಿಂತ ಜರುಗಿದರೆ ಅದು ಸ್ತರಭಂಗ. ದೊಡ್ಡ ಭೂಕಂಪವಾದರೆ ಆ ಜರುಗು ಮೇಲಿನ ಮಣ್ಣಿನವರೆಗೂ ಬರುತ್ತದೆ. ಮಣ್ಣಿನ ಪದರಗಳು ಅಲ್ಲಿ ಕತ್ತರಿಸಿದ ಹಾಗೆ ಆಗುತ್ತವೆ. ಆಮೇಲೆ ಮಳೆ ಬರುತ್ತದೆ, ಹಳ್ಳ ಹರಿಯುತ್ತದೆ, ಹೊಸ ಮಣ್ಣು ಬಂದು ಕೂರುತ್ತದೆ. ಹೊಸ ಪದರಕ್ಕೆ ಪೆಟ್ಟಾಗಿರುವುದಿಲ್ಲ. ಹಾಗಾಗಿ ಸೀಳಿಗೆ ಅಡ್ಡವಾಗಿ ಕಾಲುವೆ ತೋಡಿ ಗೋಡೆ ನೋಡಿದರೆ, ಯಾವ ಪದರ ಕತ್ತರಿಸಿದೆ, ಯಾವುದು ಕತ್ತರಿಸಿಲ್ಲ ಅಂತ ಕಾಣುತ್ತದೆ. ಭೂಕಂಪ ಆದದ್ದು ಆ ಎರಡರ ನಡುವಿನ ಕಾಲದಲ್ಲಿ. ಪದರದಲ್ಲಿ ಇದ್ದಿಲು ಸಿಕ್ಕರೆ ಅದರ ಇಂಗಾಲ ಅಳೆದು ವಯಸ್ಸು ಹೇಳುತ್ತಾರೆ.

ಕ್ಯಾಲಿಫೋರ್ನಿಯಾದಲ್ಲಿ ಕೆರ್ರಿ ಸೀ ಅನ್ನುವವರು ಸಾನ್ ಆಂಡ್ರಿಯಾಸ್ ಸ್ತರಭಂಗದ ಮೇಲೆ, ಪ್ಯಾಲೆಟ್ ಕ್ರೀಕ್ ಎನ್ನುವ ಹಳ್ಳದ ದಡದಲ್ಲಿ ಹೀಗೆ ತೋಡಿ 1978ರಲ್ಲಿ ಪ್ರಕಟಿಸಿದ ಲೇಖನ ಈ ಶಾಸ್ತ್ರಕ್ಕೇ ಒಂದು ಮೈಲಿಗಲ್ಲು. ಸರಾಸರಿ ಒಂದೂವರೆ ಶತಮಾನಕ್ಕೊಂದು ದೊಡ್ಡ ಭೂಕಂಪ ಅಂತ ಅಲ್ಲಿ ಲೆಕ್ಕ ಸಿಕ್ಕಿತು. ಅಲ್ಲಿ ಎರಡು ಭೂಫಲಕಗಳು ಒಂದನ್ನೊಂದು ಉಜ್ಜಿಕೊಂಡು ಹೋಗುತ್ತವೆ, ಸೀಳು ಮತ್ತೆ ಮತ್ತೆ ಜರುಗುತ್ತದೆ. ಪುಸ್ತಕದ ಪುಟ ತಿರುವಿದ ಹಾಗೆ ಓದಬಹುದು.

ನಮ್ಮದು ಹಾಗಲ್ಲ. ನಮ್ಮ ಕಾಲ ಕೆಳಗಿರುವುದು ಧಾರವಾಡ ಭೂಖಂಡದ ಹಳೆಯ ಗಟ್ಟಿ ಬಂಡೆ. ಕೂಡ್ಲಿಗಿ ಕಡೆಯ ಗುಡ್ಡಗಳ ಗ್ರಾನೈಟು ಸುಮಾರು 250 ಕೋಟಿ ವರ್ಷದ್ದು. ಅದರ ಹೆಸರು ಕ್ಲೋಸ್‌ಪೇಟೆ ಗ್ರಾನೈಟ್, ಅಂದರೆ ಈಗಿನ ರಾಮನಗರದ ಹಳೆಯ ಹೆಸರು. ಶೋಲೆ ಸಿನಿಮಾದ ಬಂಡೆಗೂ ನಮ್ಮ ಕೂಡ್ಲಿಗಿ ಬಂಡೆಗೂ ಒಂದೇ ಮನೆತನ ಅನ್ನಿ. ಇದರ ಪಶ್ಚಿಮಕ್ಕೆ ಗದಗದಿಂದ ಚಿತ್ರದುರ್ಗದ ಕಡೆಗೆ ಇಳಿಯುವ ಬೇರೆ ಜಾತಿಯ ಬಂಡೆಯ ಪಟ್ಟಿ. ಎರಡರ ನಡುವೆ ಯಾವುದೋ ಯುಗದಲ್ಲಿ ಹಿಂಡಿ ತಿರುಚಿದ ಹಳೆ ಗಾಯಗಳು. ಆ ಗಾಯಗಳಲ್ಲಿ ಯಾವುದು ಪೂರ್ತಿ ಮಾಯ್ದಿದೆ, ಯಾವುದು ಒಳಗೇ ನೋಯುತ್ತಿದೆ ಅಂತ ಮೇಲಿನಿಂದ ನೋಡಿ ಹೇಳಲಾಗದು.

ಬೋರ್‌ವೆಲ್ ಕೊರೆಸಿದವರಿಗೆ ಇದು ಬೇಗ ಅರ್ಥವಾಗುತ್ತದೆ. ತೆಂಗಿನಕಾಯಿ ಅಂಗೈಯಲ್ಲಿ ಇಟ್ಟುಕೊಂಡು ಪಾಯಿಂಟ್ ತೋರಿಸುವವರ ಮಾತು ಬಿಡಿ. ನಮ್ಮ ಕಡೆ ನೀರು ಸಿಕ್ಕರೆ ಅದು ಬಂಡೆಯ ಸೀಳಿನಲ್ಲೇ. ಸೀಳು ಇಲ್ಲದಿದ್ದರೆ ಸಾವಿರ ಅಡಿ ಕೊರೆದರೂ ಬಿಳಿ ಪುಡಿ. ನಮ್ಮ ಹೊಲದಲ್ಲಿ ಮೂರು ಬೋರು ಫೇಲು, ನಾಲ್ಕನೆಯದಕ್ಕೆ ಎರಡಿಂಚು ನೀರು. ಸೀಳುಗಳು ನಮಗೆ ಅನ್ನ ಕೊಡುತ್ತಿವೆ. ಆದರೆ ಎಲ್ಲ ಸೀಳೂ ಭೂಕಂಪದ ಸೀಳಲ್ಲ, ಅದನ್ನೂ ಹೇಳಬೇಕು.

ಗಟ್ಟಿ ಬಂಡೆ ಅಂದರೆ ಭೂಕಂಪ ಇಲ್ಲ ಅಂತಲ್ಲ. ಇಡೀ ಭಾರತದ ಫಲಕ ವರ್ಷಕ್ಕೆ ಸುಮಾರು ಐದು ಸೆಂಟಿಮೀಟರ್ ಈಶಾನ್ಯಕ್ಕೆ ಸರಿಯುತ್ತ ಹಿಮಾಲಯಕ್ಕೆ ಒತ್ತುತ್ತಿದೆ. ಆ ಒತ್ತಡ ಒಳನಾಡಿನ ಬಂಡೆಗೂ ಬರುತ್ತದೆ. ಬಹಳ ನಿಧಾನಕ್ಕೆ ಕೂಡುತ್ತ ಕೂಡುತ್ತ ಎಲ್ಲೋ ಒಂದು ಹಳೆ ಸೀಳಿನಲ್ಲಿ ಬಿಡುಗಡೆ ಆಗುತ್ತದೆ. ಆಸ್ಟ್ರೇಲಿಯಾದ ಟೆನಂಟ್ ಕ್ರೀಕ್‌ನಲ್ಲಿ 1988ರ ಜನವರಿ 22ರಂದು ಒಂದೇ ದಿನ ಮೂರು ದೊಡ್ಡ ಭೂಕಂಪ ಆದವು. ಅದೂ ನಮ್ಮ ಹಾಗೆ ಹಳೆಯ, ಗಟ್ಟಿ ನೆಲ. ಆಮೇಲೆ ಅಲ್ಲಿ ಕಾಲುವೆ ತೋಡಿ ನೋಡಿದರೆ, ಆ ಸೀಳು ಅದಕ್ಕೂ ಮೊದಲು ಹತ್ತಾರು ಸಾವಿರ ವರ್ಷ ಅಲುಗಿದ ಗುರುತೇ ಇರಲಿಲ್ಲ. ಅಷ್ಟು ಉದ್ದ ನಿದ್ದೆ. ಇಂಥ ಕಡೆ ಇನ್ನೂರು ವರ್ಷದ ಬರಹ ಇಟ್ಟುಕೊಂಡು "ನಮ್ಮಲ್ಲಿ ಭೂಕಂಪ ಆಗಲ್ಲ" ಅನ್ನುವುದು, ಒಂದು ರಾತ್ರಿ ಬಸ್ ಸ್ಟ್ಯಾಂಡಿನಲ್ಲಿ ಕೂತು ಈ ಊರಿನಲ್ಲಿ ಮಳೆ ಬರಲ್ಲ ಅಂದ ಹಾಗೆ.

ಅಷ್ಟು ದೂರ ಯಾಕೆ, ಕಿಲ್ಲಾರಿ ಇದೆಯಲ್ಲ. ಕೊಟ್ಟೂರಿನಿಂದ ಹೆಚ್ಚುಕಡಿಮೆ ನೇರ ಉತ್ತರಕ್ಕೆ 360 ಕಿ.ಮೀ. ಲಾತೂರು ಜಿಲ್ಲೆ. 1993ರ ಸೆಪ್ಟೆಂಬರ್ 30, ಬೆಳಗಿನ ಜಾವ ನಾಲ್ಕಕ್ಕೆ ಇನ್ನೂ ನಾಲ್ಕು ನಿಮಿಷ. ಹಿಂದಿನ ರಾತ್ರಿ ಗಣಪತಿ ಬಿಟ್ಟು ಬಂದು ಜನ ಮಲಗಿದ್ದರು. ತೀವ್ರತೆ 6.2. ಸತ್ತವರು ಹತ್ತು ಸಾವಿರದ ಹತ್ತಿರ. ಆಗಿನ ಸರ್ಕಾರಿ ನಕ್ಷೆಯಲ್ಲಿ ಕಿಲ್ಲಾರಿ ಇದ್ದದ್ದು ಒಂದನೇ ವಲಯದಲ್ಲಿ. ಅಂದರೆ ದೇಶದಲ್ಲೇ ಅತಿ ಕಡಿಮೆ ಅಪಾಯ ಅಂತ ಬರೆದಿದ್ದ ಜಾಗ. 2002ರಲ್ಲಿ ನಕ್ಷೆ ತಿದ್ದಿದಾಗ ಒಂದನೇ ವಲಯ ಅನ್ನುವುದನ್ನೇ ತೆಗೆದುಬಿಟ್ಟರು. ಆ ನಕ್ಷೆಯಲ್ಲಿ ನಮ್ಮ ಕಡೆಯ ಊರುಗಳು ಎರಡನೇ ವಲಯದಲ್ಲಿ, ಅಂದರೆ ಈಗ ಎಲ್ಲಕ್ಕಿಂತ ಕೆಳಗಿನದು.

ಕಿಲ್ಲಾರಿ ಆದ ಮೇಲೆ ವಿಜ್ಞಾನಿಗಳು ಅಲ್ಲಿ ಕಾಲುವೆ ತೋಡಿದರು. ಸಿ.ಪಿ. ರಾಜೇಂದ್ರನ್ ಮತ್ತು ಕುಸಲಾ ರಾಜೇಂದ್ರನ್ ಅವರ ಕೆಲಸ ಈ ವಿಷಯದಲ್ಲಿ ಮುಖ್ಯವಾದದ್ದು. ಅಲ್ಲಿನ ಸೀಳು ಹೊಸದಲ್ಲ, ಹಿಂದೆಯೂ ಜರುಗಿದೆ ಅನ್ನುವ ಗುರುತು ಅವರಿಗೆ ಕಂಡಿತು. ಅಲ್ಲಿಂದ ಸ್ವಲ್ಪ ದೂರದ ತೇರ್ ಎಂಬ ಹಳೆಯ ಊರಿನಲ್ಲಿಯೂ ನೋಡಿದರು. ಇದು ಪ್ರಾಚೀನ ತಗರ, ಒಂದು ಕಾಲದ ದೊಡ್ಡ ವ್ಯಾಪಾರದ ಊರು. ಅಲ್ಲಿನ ಪದರಗಳಲ್ಲಿ ಸುಮಾರು ಒಂದೂವರೆ ಸಾವಿರ ವರ್ಷದ ಹಿಂದಿನ ಭೂಕಂಪದ ಸುಳಿವು ಇದೆ ಎಂದು ಬರೆದರು. ಜನರ ನೆನಪಿನಲ್ಲಿ ಇಲ್ಲದ್ದು ಮಣ್ಣಿನಲ್ಲಿ ಇತ್ತು.

ಇಷ್ಟು ಓದಿದ ಮೇಲೆ ಒಂದು ಫೋಟೊ ಸಿಕ್ಕಿತು. ಕಿಲ್ಲಾರಿಯ ಬಿದ್ದ ಮನೆ. ಕಲ್ಲು, ಮಣ್ಣು, ಮುರಿದ ಜಂತಿ. ನಮ್ಮ ಮನೆಯದೇ ಫೋಟೊ ಅನ್ನಬಹುದು. ಅಲ್ಲಿ ಜನ ಸತ್ತದ್ದು ಭೂಮಿ ಬಾಯಿ ಬಿಟ್ಟದ್ದರಿಂದಲ್ಲ. ಕಲ್ಲಿನ ಗೋಡೆ ಬಿರಿದು, ಮಾಳಿಗೆ ಮೇಲಿನ ಒಂದೆರಡು ಅಡಿ ದಪ್ಪದ ಮಣ್ಣು ಮಲಗಿದ್ದವರ ಮೇಲೆ ಬಿದ್ದದ್ದರಿಂದ.

ಶನಿವಾರ ಬಸ್ಸು ಹತ್ತಿದೆ.

ಊರಿನಲ್ಲಿ ಮೊದಲು ಮಾಡಿದ ಕೆಲಸ ಗೋಡೆ ನೋಡಿದ್ದು. ಅಡಿಗೆಮನೆಯ ಮೂಲೆಯಲ್ಲಿ ಬೆರಳು ಹೋಗುವಷ್ಟು ಬಿರುಕು. ಅವ್ವ "ಅದು ನೀನು ಪಿಯುಸಿ ಓದೋವಾಗಿಂದ ಐತಿ" ಅಂದಳು. ಎರೆ ಮಣ್ಣಿನ ಮೇಲೆ ಕಟ್ಟಿದ ಮನೆಗೆ ಇದು ಸಾಮಾನ್ಯ. ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಾಯಿ ಬಿಡುತ್ತದೆ, ಗೋಡೆ ಅದರ ಜೊತೆ ಏರಿ ಇಳಿಯುತ್ತದೆ. ಬಿರುಕು ಕಂಡ ಕೂಡಲೇ ಭೂಕಂಪ ಅನ್ನುವಂತಿಲ್ಲ.

ಭಾನುವಾರ ಭಾವ ಬೈಕ್ ಕೊಟ್ಟ. ಅಕ್ಕನನ್ನು ಕೊಟ್ಟಿರುವುದು ಹಗರಿಬೊಮ್ಮನಹಳ್ಳಿಗೆ. ಅವಳನ್ನು ಹಿಂದೆ ಕೂರಿಸಿಕೊಂಡು ಸುತ್ತಿದೆ. ಏನು ಹುಡುಕುತ್ತಿದ್ದೀಯ ಅಂದಳು. ಹಳೆಯ ಸಾಕ್ಷಿ ಅಂದೆ. "ಯಾವ ಕೇಸಿಗೆ?" ಅಂತ ಕೇಳಿದಳು.

ಗುಡೇಕೋಟೆ ಕಡೆ ಹೋದವರಿಗೆ ಗೊತ್ತು. ಕೂಡ್ಲಿಗಿ ತಾಲ್ಲೂಕಿನ ಆ ಕರಡಿಧಾಮದ ಗುಡ್ಡಗಳಲ್ಲಿ ಒಂದರ ಮೇಲೊಂದು ಕೂತ ಬಂಡೆಗಳು. ಕೆಲವು ಎಷ್ಟು ಸಣ್ಣ ತಳದ ಮೇಲೆ ನಿಂತಿವೆ ಅಂದರೆ ಕೆಳಗೆ ನಿಂತು ಸೆಲ್ಫಿ ತೆಗೆಯಲೂ ಎದೆ ಡವಡವ. ಅಮೆರಿಕದಲ್ಲಿ ಜೇಮ್ಸ್ ಬ್ರೂನ್ ಎಂಬ ವಿಜ್ಞಾನಿ ಇಂಥ ಬಂಡೆಗಳನ್ನೇ ಸಾಕ್ಷಿ ಮಾಡಿಕೊಂಡ. ಉಪಾಯ ಸರಳ. ಈ ಬಂಡೆ ಬೀಳಲು ಎಷ್ಟು ಜೋರು ಅಲುಗಾಟ ಬೇಕು ಅಂತ ಲೆಕ್ಕ ಹಾಕು. ಅದು ಹೀಗೆ ನಿಂತು ಎಷ್ಟು ಸಾವಿರ ವರ್ಷ ಆಯಿತು ಅಂತ ಕಂಡುಹಿಡಿ. ಇನ್ನೂ ನಿಂತಿದೆ ಅಂದರೆ ಅಷ್ಟು ವರ್ಷ ಅಷ್ಟು ಜೋರಿನ ಅಲುಗಾಟ ಅಲ್ಲಿ ಆಗಿಲ್ಲ. ಕಾಲುವೆ ತೋಡಿದರೆ ಆದ ಭೂಕಂಪ ಸಿಗುತ್ತದೆ, ಬಂಡೆ ನೋಡಿದರೆ ಆಗದ ಭೂಕಂಪ ಸಿಗುತ್ತದೆ. ಗುಡೇಕೋಟೆಯ ಬಂಡೆಗಳ ಕೆಳಗೆ ನಿಂತು ನನಗೆ ಸ್ವಲ್ಪ ಧೈರ್ಯ ಬಂತು. ಆಮೇಲೆ ಸುತ್ತ ಉರುಳಿ ಬಿದ್ದ ಬಂಡೆಗಳನ್ನೂ ನೋಡಿದೆ. ಅವು ಮಳೆಗೆ ಬಿದ್ದವೋ, ಆಲದ ಬೇರಿಗೆ ಬಿದ್ದವೋ, ಇನ್ನೇನಕ್ಕೋ. ನಿಂತವರನ್ನು ಮಾತ್ರ ಕೇಳಿದರೆ ಎಲ್ಲರೂ ಚೆನ್ನಾಗಿದೆ ಅಂತಲೇ ಹೇಳುತ್ತಾರೆ.

ಅಂಬಳಿಯ ಕಲ್ಲೇಶ್ವರ, ಹರಪನಹಳ್ಳಿ ಹತ್ತಿರದ ಬಾಗಳಿಯ ಕಲ್ಲೇಶ್ವರ, ಎರಡೂ ಚಾಲುಕ್ಯರ ಕಾಲದವು. ಗಾರೆ ಇಲ್ಲದೆ ಕಲ್ಲಿನ ಮೇಲೆ ಕಲ್ಲು ಕೂರಿಸಿ ಕಟ್ಟಿದ ಗುಡಿಗಳು. ಸಾವಿರ ವರ್ಷದ ಹತ್ತಿರದ ಸಾಕ್ಷಿ. ಇಂಥ ಗುಡಿಗಳಲ್ಲಿ ಕಂಬ ಒಂದೇ ದಿಕ್ಕಿಗೆ ವಾಲಿದೆಯೇ, ಕಲ್ಲು ತಿರುಗಿದೆಯೇ, ಮೇಲಿನ ತೊಲೆ ಸರಿದಿದೆಯೇ ಅಂತ ನೋಡಿ ಹಳೆಯ ಭೂಕಂಪ ಹುಡುಕುವವರೂ ಇದ್ದಾರೆ. ಆದರೆ ತಳ ಕುಸಿದರೂ ಕಂಬ ವಾಲುತ್ತದೆ, ಜೀರ್ಣೋದ್ಧಾರದವರು ಕೂರಿಸುವಾಗಲೂ ಕಲ್ಲು ಸರಿಯುತ್ತದೆ. ನನ್ನಂಥವರು ನೋಡಿ ತೀರ್ಪು ಕೊಡುವ ವಿಷಯ ಅಲ್ಲ. ಬಾಗಳಿಯಲ್ಲಿ ನಾನು ಭೂಕಂಪ ಮರೆತು ಕಂಬಗಳ ನುಣುಪು ನೋಡುತ್ತ ಕೂತೆ. ಅಕ್ಕ ಮಿರ್ಚಿ ಮಂಡಕ್ಕಿ ಕಟ್ಟಿಸಿಕೊಂಡು ಬಂದಿದ್ದಳು.

ವಾಪಸ್ ಬರುವಾಗ ತುಂಗಭದ್ರಾ ಹಿನ್ನೀರಿನ ಮಾತು ಬಂತು. ಡ್ಯಾಮಿನ ನೀರಿನ ಭಾರಕ್ಕೂ ಭೂಕಂಪ ಆಗುತ್ತಂತಲ್ಲ ಅಂದಳು ಅಕ್ಕ. ಹೌದು, ಕೊಯ್ನಾದಲ್ಲಿ ಆಯಿತು. 1967ರ ಡಿಸೆಂಬರ್ 11, ತೀವ್ರತೆ 6.3, ಸತ್ತವರು 180ರಷ್ಟು. ಡ್ಯಾಮಿನಲ್ಲಿ ನೀರು ನಿಲ್ಲಿಸಲು ಶುರು ಮಾಡಿ ಐದಾರು ವರ್ಷಕ್ಕೆ. ನೀರಿನ ಭಾರಕ್ಕಿಂತ ಸೀಳಿನೊಳಗೆ ಇಳಿದ ನೀರಿನ ಒತ್ತಡವೇ ಮುಖ್ಯ. ಎರಡು ಬಂಡೆ ಮೈಗಳ ನಡುವಿನ ಹಿಡಿತವನ್ನು ಅದು ಸಡಿಲ ಮಾಡುತ್ತದೆ. ಆದರೆ ಒತ್ತಡ ತುಂಬಿಕೊಂಡ ಸೀಳು ಮೊದಲೇ ಇರಬೇಕು. ತುಂಗಭದ್ರೆಯಲ್ಲಿ 1953ರಿಂದ ನೀರು ನಿಂತಿದೆ, ಕೊಯ್ನಾದಂಥದ್ದು ಆಗಿಲ್ಲ. ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದಲ್ಲಿ 2021ರ ಅಕ್ಟೋಬರಿನಲ್ಲಿ ಸಣ್ಣ ಸಣ್ಣ ಕಂಪನಗಳಾಗಿ ಜನ ರಾತ್ರಿಯೆಲ್ಲ ಬಯಲಲ್ಲಿ ಮಲಗಿದ್ದರಲ್ಲ, ಅಲ್ಲಿಯೂ ಮಳೆಗಾಲದ ನೀರು ಒಳಗಿಳಿದು ಹೀಗಾಗುತ್ತಿರಬಹುದು ಅನ್ನುವ ವಿವರಣೆ ಕೇಳಿಬಂದಿತ್ತು.

"ಯಾವಾಗ ಆಗ್ತತಿ ಅಂತ ಮೊದ್ಲೇ ಹೇಳಾಕ ಬರಲ್ಲೇನು?" ಅಂದಳು.

ಬರುವುದಿಲ್ಲ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ನಂತರ ಗೊರವಯ್ಯ ಬಿಲ್ಲು ಏರಿ "ಸದ್ದಲೇ" ಅಂತ ಕೂಗಿ ಒಂದೇ ಸಾಲಿನಲ್ಲಿ ಕಾರಣಿಕ ನುಡಿಯುತ್ತಾನೆ, ಮಳೆ ಬೆಳೆ ರಾಜಕೀಯ ಎಲ್ಲವನ್ನೂ ಜನ ಅದರಲ್ಲಿ ಓದಿಕೊಳ್ಳುತ್ತಾರೆ. ಭೂಕಂಪದ ವಿಜ್ಞಾನಿಗಳು ಅಂಥ ಒಂದು ಸಾಲನ್ನೂ ಹೇಳಲಾರರು. ಇಷ್ಟು ವರ್ಷದಲ್ಲಿ ಇಷ್ಟು ಜೋರಿನದು ಆಗುವ ಸಂಭವ ಎಷ್ಟು ಅಂತ ಹೇಳಬಹುದು, ದಿನ ವಾರ ತಿಥಿ ಇಲ್ಲ. ವಾಟ್ಸಾಪಿನಲ್ಲಿ ಯಾರಾದರೂ ಇಂಥ ದಿನ ಇಷ್ಟು ಗಂಟೆಗೆ ಭೂಕಂಪ ಅಂತ ಕಳಿಸಿದರೆ ಅಲ್ಲೇ ಡಿಲೀಟ್ ಮಾಡಿ. ಆದರೆ "ಸದ್ದಲೇ" ಅನ್ನುವುದು ಈ ಕೆಲಸಕ್ಕೂ ಬೇಕು. ಭೂಮಿಯ ಸಣ್ಣ ಕಂಪನ ಕೇಳಬೇಕಾದರೆ ಸುತ್ತ ಗದ್ದಲ ಇರಬಾರದು. ಗೌರಿಬಿದನೂರಿನ ಗಟ್ಟಿ ಬಂಡೆಯ ಮೇಲೆ 1960ರ ದಶಕದ ಮಧ್ಯದಲ್ಲಿ ಹೂಡಿದ ಕಂಪನಮಾಪಕಗಳ ಜಾಲ ದೂರದೂರದ ಅಣುಬಾಂಬ್ ಪರೀಕ್ಷೆಗಳನ್ನೂ ಹಿಡಿದಿದೆ.

ಯಾವಾಗ ಅಂತ ಗೊತ್ತಾಗಲ್ಲ ಅಂದಮೇಲೆ ಮಾಡಬಹುದಾದ್ದು ಒಂದೇ. ಅವ್ವನ ಎದುರು ಕೂತು ಮಾತು ತೆಗೆದೆ.

"ಮಾಳಿಗೆ ಮಣ್ಣು ತೆಗಸೋಣ."

ಅವ್ವ ನನ್ನ ಮುಖ ನೋಡಿದಳು. ಅದು ಬರೀ ಮಣ್ಣಲ್ಲ ಅವಳಿಗೆ. ಪ್ರತಿ ವರ್ಷ ರೋಹಿಣಿ ಮಳೆಗೆ ಮುಂಚೆ ಅಜ್ಜ, ಆಮೇಲೆ ಅಪ್ಪ, ಹಳ್ಳದ ಕಡೆಯಿಂದ ಸವಳು ಮಣ್ಣು ತಂದು ಮಾಳಿಗೆಗೆ ಹಾಕುತ್ತಿದ್ದರು. ಅವ್ವ ಪುಟ್ಟಿ ಎತ್ತಿ ಕೊಡುತ್ತಿದ್ದಳು. ಮದುವೆಯಾಗಿ ಬಂದ ಮೊದಲ ಬೇಸಿಗೆಯಲ್ಲೇ ಏಣಿ ಹತ್ತಿದ್ದಳಂತೆ. ಸೋರದ ಮನೆ ಅಂತ ಓಣಿಯಲ್ಲಿ ನಮ್ಮ ಮನೆಗೆ ಹೆಸರು. ಆದರೆ ಹಾಕಿದ್ದೇ ಹಾಕಿದ್ದು, ಹಳೆಯದನ್ನು ಯಾರೂ ತೆಗೆಯಲಿಲ್ಲ. ಹಾಗೆ ನೋಡಿದರೆ ಮನೆಯ ಬಗ್ಗೆ ಕಾಳಜಿ ಹೆಚ್ಚಾದಷ್ಟೂ ಮಾಳಿಗೆಯ ಭಾರ ಹೆಚ್ಚುತ್ತ ಹೋಗಿತ್ತು.

ಲೆಕ್ಕ ಹಾಕಿ ತೋರಿಸಿದೆ. ಅವಳು ಮಲಗುವ ಕೋಣೆ 12 ಅಡಿಗೆ 15 ಅಡಿ. ಮಣ್ಣು ಒಂದೂವರೆ ಅಡಿ. ಒಟ್ಟು 270 ಘನ ಅಡಿ. ಒಂದು ಘನ ಅಡಿ ಮಣ್ಣು 45 ಕೆ.ಜಿ. ಹಿಡಿದರೂ 12 ಟನ್ ದಾಟುತ್ತದೆ. "ಮೂರ್ನಾಲ್ಕು ಟ್ರ್ಯಾಕ್ಟರ್ ಲೋಡು ಮಣ್ಣಿನ ಕೆಳಗ ಮಲಗ್ತೀಯಲ್ಲ" ಅಂದೆ.

"ನಲವತ್ತು ವರ್ಷ ಮಲಗೀನಿ. ಬಿದ್ದೈತೇನು?"

ಇದಕ್ಕೆ ಉತ್ತರ ನನ್ನ ಹತ್ತಿರ ಇರಲಿಲ್ಲ. ಗುಡೇಕೋಟೆಯ ಬಂಡೆಯೂ ಇದನ್ನೇ ಹೇಳಿತ್ತು.

ಚಿಗಪ್ಪನದು ಬೇರೆಯೇ ವಾದ. ಕೆಡವಿ ಆರ್‌ಸಿಸಿ ಹಾಕೋಣ, ಕೆಳಗೆ ಎರಡು ಅಂಗಡಿ, ಮೇಲೆ ಮನೆ. ಆರ್‌ಸಿಸಿ ಅಂದ ಕೂಡಲೇ ಗಟ್ಟಿ ಅನ್ನುವ ನಂಬಿಕೆ ನಮ್ಮಲ್ಲಿದೆ. 2001ರ ಜನವರಿ 26ರ ಭುಜ್ ಭೂಕಂಪಕ್ಕೆ 200 ಕಿ.ಮೀ.ಗೂ ಹೆಚ್ಚು ದೂರದ ಅಹಮದಾಬಾದಿನಲ್ಲಿ ಬಿದ್ದದ್ದು ಮಣ್ಣಿನ ಮನೆಗಳಲ್ಲ, ಅಪಾರ್ಟ್‌ಮೆಂಟುಗಳು. ಅವುಗಳಲ್ಲಿ ಬಹಳಷ್ಟು ಕೆಳಗೆ ಗೋಡೆಯಿಲ್ಲದ ಪಾರ್ಕಿಂಗು, ಬರೀ ಕಂಬ, ಮೇಲೆ ಮನೆಗಳು. ಅಲುಗಿದಾಗ ಕಂಬದ ಮಹಡಿಯೇ ಮಡಚಿಕೊಂಡಿತು. ಇದನ್ನು ನಾನು ಟೈಪ್ ಮಾಡುತ್ತಿರುವುದೂ ಅಂಥದ್ದೇ ಒಂದು ಬಿಲ್ಡಿಂಗಿನ ಮೂರನೇ ಮಹಡಿಯಲ್ಲಿ. ಕೆಳಗೆ ಹನ್ನೆರಡು ಬೈಕು, ಎರಡು ಕಾರು. ಕಂಬದೊಳಗೆ ಕಬ್ಬಿಣ ಎಷ್ಟು, ರಿಂಗು ಎಷ್ಟು ಹತ್ತಿರ ಹತ್ತಿರ ಕಟ್ಟಿದ್ದಾರೆ ಅಂತ ಬಾಡಿಗೆಗೆ ಬರುವಾಗ ನಾನು ಕೇಳಿದ್ದೆನಾ? ವೈಫೈ ಇದೆಯಾ ಅಂತ ಕೇಳಿದ್ದೆ.

ಕೊನೆಗೆ ಮಾತು ಮುಗಿಸಿದ್ದು ಊರಿನ ಒಬ್ಬ ಗೌಂಡಿ. ಅವರಿಗೆ ಎಪ್ಪತ್ತರ ಹತ್ತಿರ. ಮಾಳಿಗೆ ಹತ್ತಿ, ಕೆಳಗಿಳಿದು ಜಂತಿಗಳನ್ನು ಕೋಲಿನಿಂದ ಬಡಿದು ನೋಡಿದರು. "ಯಕ್ಕಾ, ಭೂಕಂಪ ಬರೋ ಮಾತು ಬಿಡು. ಈ ಮಳಿಗಾಲ ತೊಯ್ದು ಭಾರ ಆದ್ರ ಈ ಎರಡು ಜಂತಿ ನಿಲ್ಲಾಂಗಿಲ್ಲ" ಅಂದರು. ನಾನು ವಾರಗಟ್ಟಲೆ ಓದಿದ್ದಕ್ಕಿಂತ ಆ ಎರಡು ಏಟಿನ ಟೊಳ್ಳು ಸದ್ದು ಹೆಚ್ಚು ಕೆಲಸ ಮಾಡಿತು.

ಏಪ್ರಿಲ್ ಕೊನೆಗೆ ಕೆಲಸ ಶುರು. ವಾರ ರಜೆ ಹಾಕಿ ಹೋದೆ. ಮಣ್ಣು ಕಡಿಯುತ್ತ ಅಂಚಿನಿಂದ ಒಳಗೆ ಬರುತ್ತಿದ್ದಂತೆ ನೆಟ್ಟಗಿನ ಒಂದು ಗೋಡೆ ತೆರೆದುಕೊಂಡಿತು. ನೋಡುತ್ತಲೇ ನಿಂತೆ. ಪದರಗಳು. ಬೂದು, ಅದರ ಮೇಲೆ ಬಿಳಿಚು, ಮತ್ತೆ ಬೂದು, ನಡುವೆ ಒಂದು ಕೆಂಪು ಗೆರೆ. ಒಂದು ಕಡೆ ಇದ್ದಿಲಿನ ಚೂರು, ಇನ್ನೊಂದು ಕಡೆ ಹಸಿರು ಬಳೆಯ ತುಂಡು, ಗೋಲಿ. ಫೋಟೊಗಳಲ್ಲಿ ನೋಡಿದ್ದ ಕಾಲುವೆಯ ಗೋಡೆ ನಮ್ಮ ಮಾಳಿಗೆ ಮೇಲೇ ಇತ್ತು. ಕೆಳಗಿನ ಪದರವೊಂದರಲ್ಲಿ ಚೌಕದ ಐದು ಪೈಸೆ ಸಿಕ್ಕಿತು, 1972ರದ್ದು. ಅದರ ಮೇಲಿನ ಮಣ್ಣೆಲ್ಲ 1972ರ ನಂತರದ್ದು ಅಂತ ಆಯಿತಲ್ಲ. ಇದ್ದಿಲು ಸಿಕ್ಕಾಗ ವಿಜ್ಞಾನಿಗಳು ಮಾಡುವುದೂ ಇದೇ ತರ್ಕ. ಕೆಂಪು ಗೆರೆ ಯಾವುದು ಅಂತ ಅವ್ವನನ್ನು ಕೇಳಿದೆ. ಮೇಲೆ ಬಂದು ನೋಡಿ ಹೇಳಿದಳು: "ಆ ವರ್ಷ ನಿಮ್ಮಪ್ಪಗ ಸವಳು ಸಿಗಲಿಲ್ಲ. ಮಸಬು ಮಣ್ಣೇ ಹಾಕಿದ್ರು. ಇಡೀ ಮಳಿಗಾಲ ಸೋರ್ತು. ನೀನು ಹೊಟ್ಟ್ಯಾಗಿದ್ದಿ."

ನನ್ನ ವಯಸ್ಸೂ ಅಲ್ಲಿ ಒಂದು ಗೆರೆ.

ಪಡಸಾಲೆಗೂ ಮಲಗುವ ಕೋಣೆಗೂ ಜಂತಿ ಬದಲಿಸಿ ತಗಡು ಹಾಕಿಸಿದೆವು. ಕಂಬಕ್ಕೂ ತೊಲೆಗೂ ನಡುವೆ ಓರೆಯಾಗಿ ಕಟ್ಟಿಗೆ ಕೊಟ್ಟು ಬೋಲ್ಟು ಬಿಗಿಸಿದರು, ಅಲುಗಿದಾಗ ಮೂಲೆ ಬಿಡಬಾರದು ಅಂತ. ಗೋಡೆಯದು ದೊಡ್ಡ ಕಥೆ. ಹೊರಗೊಂದು ಕಲ್ಲಿನ ಮೈ, ಒಳಗೊಂದು ಮೈ, ನಡುವೆ ಚೂರುಕಲ್ಲು ಮಣ್ಣು. ಅಲುಗಿದರೆ ಎರಡೂ ಮೈ ಬೇರೆ ಬೇರೆ ಕಡೆ ಬೀಳುತ್ತವೆ. ಅಲ್ಲಲ್ಲಿ ಎರಡೂ ಮೈ ಹಿಡಿಯುವಂಥ ಉದ್ದನೆಯ ಕಲ್ಲು ಇರಬೇಕು. ಗೌಂಡಿ ಕೆಲವು ಕಡೆ ಗೋಡೆ ಕೊರೆದು ಕಬ್ಬಿಣ ಇಟ್ಟು ಕಾಂಕ್ರೀಟ್ ತುಂಬಿದರು. ಬಾಗಿಲ ಮೇಲ್ಮಟ್ಟದಲ್ಲಿ ಸುತ್ತಲೂ ಪಟ್ಟಿ ಹಾಕಿಸಬೇಕಿತ್ತು, ದುಡ್ಡು ಸಾಲಲಿಲ್ಲ. ಮುಂದಿನ ಬೋನಸ್ಸಿಗೆ. ಅಡಿಗೆಮನೆಯ ಮಾಳಿಗೆಗೆ ಅವ್ವ ಕೈ ಹಾಕಲು ಬಿಡಲಿಲ್ಲ. "ಅದು ತಂಪಿರ್ಲಿ, ಹಾಲು ಒಡೀತತಿ" ಅಂದಳು. ಅರ್ಧ ಅಡಿ ಬಿಟ್ಟು ಉಳಿದ ಮಣ್ಣು ತೆಗೆಸಲು ಒಪ್ಪಿಸುವಷ್ಟರಲ್ಲಿ ನನ್ನ ರಜೆ ಮುಗಿಯಿತು. ತೆಗೆದ ಮಣ್ಣನ್ನು ಓಣಿಯ ಇನ್ನೊಬ್ಬರು ಬಂದು ಕೇಳಿದರು, ತಮ್ಮ ಮಾಳಿಗೆಗೆ ಹಾಕಲು. ಏನು ಹೇಳಬೇಕೋ ತಿಳಿಯದೆ ಹೇಳಬೇಕಾದ್ದನ್ನೆಲ್ಲ ಹೇಳಿದೆ. ಅವರು ಕೇಳಿಸಿಕೊಂಡರು. ಒಂದು ಟ್ರ್ಯಾಕ್ಟರ್ ಒಯ್ದರು. ಉಳಿದದ್ದು ಹೊಲಕ್ಕೆ ಹೋಗುವ ದಾರಿಯ ತಗ್ಗಿಗೆ ಬಿತ್ತು.

ಜೂನ್ ಮೊದಲ ವಾರ ರಾತ್ರಿ ಒಂದು ಗಂಟೆಗೆ ಅವ್ವನ ಫೋನು. ಎದೆ ಧಸಕ್ಕೆಂದಿತು.

"ಏನವ್ವಾ, ಏನಾತು?"

"ಏನಿಲ್ಲ. ಮಳಿ ಬರಕತ್ತೇತಿ. ನಿನ್ನ ತಗಡು ಹೆಂಗ ಬಡಕೊಳ್ತತಿ ಕೇಳು" ಅಂದು ಫೋನನ್ನು ಮೇಲಕ್ಕೆ ಹಿಡಿದಳು.